ಬಾಖ್ ಮೇಷ್ಟ್ರ ಬಾಕಿ

ಬಸ್ಸು ಇನ್ನೂ ಬಂದಿಲ್ಲ ತಾನೆ? ಬರೋವರೆಗೆ ಒಂದು ಆಟ ಆಡೋಣ ಬನ್ನಿ. ಕಾಸು ಖರ್ಚಿಲ್ಲದ ಆಟ. ನಾನು ಪರದೇಶದ ದೊಡ್ಡ ದೊಡ್ಡ ಸಂಗೀತಗಾರರ ಹೆಸರು ಹೇಳ್ತೀನಿ. ನೀವು ಅದನ್ನ ಕನ್ನಡ ಕಿವಿಯಲ್ಲಿ ಕೇಳಿಸ್ಕೋಬೇಕು, ಅಷ್ಟೆ.

ಮೋಜಾರ್ಟ್. ಮೋಜು ಮಾಡೋದೂ ಒಂದು ಆರ್ಟು ಸ್ವಾಮಿ! ಹ್ಯಾಂಡೆಲ್. ಗಟ್ಟಿಯಾಗಿ ಹಿಡ್ಕೊಂಡ್ರೆ ಸೈಕಲ್ಲು ಬೀಳಲ್ಲ. ಲಿಸ್ಟ್. ಅಂಗಡಿಗೆ ಕಳಿಸುವಾಗ ಅಮ್ಮ ಕೈಗೆ ಕೊಡ್ತಾರಲ್ಲ, ಅದೇ. ವೆರ್ದಿ. ಪತ್ರಿಕೆಯೋರು ಕಳಿಸೋ ವರದಿ. ಹೈಡನ್. ನಮ್ಮ ಕಡೆ ಹುಡುಗನಿಗೆ ‘ಹೈದ’ ಅಂತೀವಿ. ಆದ್ರೆ ಆ ಮನುಷ್ಯನನ್ನ ಅವನ ವಾದ್ಯಗಾರರು ಪ್ರೀತಿಯಿಂದ ಕರೀತಿದ್ದದ್ದು ‘ಪಾಪಾ ಹೈಡನ್’, ಅಂದ್ರೆ ಅಪ್ಪಾ ಅಂತ. ಹೈದನೇ ಅಪ್ಪ! ಇನ್ನು ಶೋಪಾನ್. ಇಂಗ್ಲಿಷಿನ ಅಕ್ಷರ ನೋಡಿ ನಾವೆಲ್ಲ ‘ಚಾಪಿನ್’ ಅಂತಿದ್ವಿ. ಸರಿಯಾಗಿ ಅಂದ್ರೆ ಅದು ನಮ್ಮ ಸೋಪಾನದ ಪಕ್ಕದ ಮನೆ. ಮೆಟ್ಟಿಲು ಹತ್ತಿದ ಹಾಗೇ ಕೇಳುತ್ತೆ ಅವನ ಪಿಯಾನೋ.

ನಗು ಬಂತಾ? ಬರದಿದ್ರೂ ಪರವಾಗಿಲ್ಲ. ಈ ಆಟದಲ್ಲಿ ನಾನು ಒಂದ್ಸಲ ಗೆದ್ದೆ ಅಂದ್ಕೊಂಡು ಸೋತಿದ್ದೆ. ಆ ಕಥೆ ಈ ವಾರ.

★

1981ನೇ ಇಸವಿ. ನಮ್ಮೂರಿನ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಹೋಟ್ಲು. ನಾವು ನಾಲ್ಕು ಜನ ಕಾಲೇಜು ಹುಡುಗರು. ಎರಡು ಬೈಟು ಕಾಫಿ ತಗೊಂಡು ಎರಡು ಗಂಟೆ ಕೂರ್ತಿದ್ವಿ. ಮಾತು ಒಂದೇ, ಸಿನಿಮಾ. ಯಾವ ಚಿತ್ರ ಎಷ್ಟು ವಾರ ಓಡ್ತು, ಯಾವ ಹಾಡು ಯಾರದು, ಯಾವ ಫೈಟು ನಿಜ, ಯಾವುದು ಡೂಪು. ಮಧ್ಯೆ ಮಧ್ಯೆ ಹೋಗೋರು ಬರೋರಿಗೆಲ್ಲ ಅಡ್ಡಹೆಸರು ಇಡೋದು. ಆ ಕೆಲಸದಲ್ಲಿ ನಾನೇ ಹೀರೋ.

ಆ ಹೋಟ್ಲಿಗೆ ದಿನಾ ಸಾಯಂಕಾಲ ಒಬ್ಬ ಪಿಟೀಲು ಮೇಷ್ಟ್ರು ಬರ್ತಿದ್ರು. ಅರವತ್ತರ ಹತ್ತಿರ ವಯಸ್ಸು. ಇಸ್ತ್ರಿ ಇಲ್ಲದ ಬಿಳಿ ಷರ್ಟು, ಕಂಕುಳಲ್ಲಿ ಹಳೇ ಪೆಟ್ಟಿಗೆ. ಮದ್ರಾಸಿನಲ್ಲಿ ಎಷ್ಟೋ ವರ್ಷ ಸಿನಿಮಾ ಆರ್ಕೆಸ್ಟ್ರಾದಲ್ಲಿ ಕೂತು ನುಡಿಸಿದೋರು. ಆಗ ನಮ್ಮ ಕನ್ನಡ ಹಾಡುಗಳ ರೆಕಾರ್ಡಿಂಗು ಹೆಚ್ಚಾಗಿ ನಡೀತಿದ್ದದ್ದೇ ಅಲ್ಲಿ. ಕಣ್ಣು ಮಂಜಾದ ಮೇಲೆ ನೊಟೇಷನ್ ಓದೋದು ಕಷ್ಟ ಆಗಿ ಊರಿಗೆ ಬಂದು ಮಕ್ಕಳಿಗೆ ಪಾಠ ಹೇಳ್ತಿದ್ರು. ಮದ್ರಾಸಿನಲ್ಲಿ ವೆಸ್ಟರ್ನ್ ಕಲಿತಿದ್ರಿಂದ ಬಾಯಿ ಬಿಟ್ರೆ ‘ಬಾಖ್ ಹೀಗೆ, ಬಾಖ್ ಹಾಗೆ’. ಜೊತೆಗೆ ಹೋಟ್ಲಿನ ಖಾತೆ ಪುಸ್ತಕದಲ್ಲಿ ಅವರ ಹೆಸರಿನ ಕೆಳಗೆ ಸಾಲ ಬೆಳೀತಾ ಇತ್ತು. ತಿಂಗಳ ಕೊನೆಗೆ ಕೊಡೋರು, ಕೆಲವು ತಿಂಗಳು ಆಗ್ತಿರಲಿಲ್ಲ.

ಬಾಖ್. ಬಾಕಿ. ನನಗಿನ್ನೇನು ಬೇಕು?

ಒಂದಿನ ಅವರು ಒಳಗೆ ಕಾಲಿಡ್ತಿದ್ದ ಹಾಗೇ ಗಲ್ಲಾದವರೆಗೂ ಕೇಳೋ ಹಾಗೆ ಕೂಗಿದೆ: “ಭಟ್ರೇ, ಬಾಕಿ ಮೇಷ್ಟ್ರು ಬಂದ್ರು!”

ಇಡೀ ಹೋಟ್ಲು ನಕ್ಕಿತು. ಸಪ್ಲೈಯರ್ ಹುಡುಗ ಕೂಡ ನಕ್ಕ. ಭಟ್ರು ಮಾತ್ರ ನಗಲಿಲ್ಲ. ಮೇಷ್ಟ್ರು ಒಂದು ಕ್ಷಣ ಬಾಗಿಲಲ್ಲೇ ನಿಂತ್ರು. ವಾಪಸ್ ಹೋಗ್ತಾರೆ ಅಂದ್ಕೊಂಡೆ. ಹೋಗಲಿಲ್ಲ. ಸೀದಾ ನಮ್ಮ ಟೇಬಲ್ಲಿಗೇ ಬಂದು ಪೆಟ್ಟಿಗೆ ಪಕ್ಕಕ್ಕಿಟ್ಟು ಕೂತ್ರು.

“ತಮ್ಮಾ, ಚೆನ್ನಾಗಿದೆ,” ಅಂದ್ರು. “ಆದ್ರೆ ಆ ಹೆಸರಿನ ಮೇಲೆ ನಿನಗಿಂತ ಮುಂಚೆ ಬೀಥೋವನ್ ಆಡಿದಾನೆ. ಗೊತ್ತೇನು?”

ಗೊತ್ತಿರಲಿಲ್ಲ.

“ಜರ್ಮನ್ ಭಾಷೆಯಲ್ಲಿ ಬಾಖ್ ಅಂದ್ರೆ ಹಳ್ಳ, ತೊರೆ. ನಮ್ಮೂರ ಹಿಂದೆ ಹರಿಯುತ್ತಲ್ಲ, ಅಂಥದು. ಬೀಥೋವನ್ ಅಂದನಂತೆ: ಇವನಿಗೆ ಹಳ್ಳ ಅಂತ ಯಾರು ಹೆಸರಿಟ್ರು, ಸಮುದ್ರ ಅಂತ ಇಡಬೇಕಿತ್ತು ಅಂತ. ಈಗ ನೋಡು. ನೀನೂ ಆ ಹೆಸರಿನ ಜೊತೆ ಆಡಿದೆ, ಅವನೂ ಆಡಿದ. ನಿನ್ನ ಆಟದಲ್ಲಿ ಮನುಷ್ಯ ಚಿಕ್ಕೋನಾದ. ಅವನ ಆಟದಲ್ಲಿ ದೊಡ್ಡೋನಾದ. ಅಷ್ಟೇ ವ್ಯತ್ಯಾಸ.”

ಕಾಫಿ ಬಂತು. ಕುಡಿದ್ರು. “ಭಟ್ರೇ, ಬರ್ಕೊಳಿ” ಅಂದು ಎದ್ದು ಹೋದ್ರು. ನನಗೆ ಬೈದಿದ್ರೆ ಎಷ್ಟೋ ಚೆನ್ನಾಗಿತ್ತು!

★

ಮಾರನೇ ದಿನ ನಾನು ಒಬ್ಬನೇ ಹೋದೆ. ಕ್ಷಮೆ ಕೇಳೋಣ ಅಂತ. ಬಾಯಿ ಬರಲಿಲ್ಲ, “ಇನ್ನೊಂದು ಹೇಳಿ ಮೇಷ್ಟ್ರೇ” ಅಂದೆ. ಅವರಿಗೆ ಅರ್ಥ ಆಯ್ತು ಅಂತ ಕಾಣುತ್ತೆ. ಆವತ್ತಿನಿಂದ ಬೈಟು ಕಾಫಿಯ ಇನ್ನೊಂದು ಅರ್ಧ ಅವರದು.

ಕೂಲೌ ಅನ್ನೋ ಒಬ್ಬ ಸಂಗೀತಗಾರ 1825ರಲ್ಲಿ ಬೀಥೋವನ್‌ನ ನೋಡೋಕೆ ಹೋದನಂತೆ. ಷಾಂಪೇನ್ ಕುಡಿದು ಕೂತಲ್ಲೇ ತಮಾಷೆ ಶುರು. ಜರ್ಮನ್‌ನಲ್ಲಿ ‘ಕೂಲ್’ ಅಂದ್ರೆ ತಣ್ಣಗೆ, ‘ಲೌ’ ಅಂದ್ರೆ ಉಗುರುಬೆಚ್ಚಗೆ. ಬೀಥೋವನ್ ಅದನ್ನೇ ಹಿಡ್ಕೊಂಡು ‘ತಣ್ಣಗೆ, ಉಗುರುಬೆಚ್ಚಗಲ್ಲ’ ಅಂತ ಒಂದು ಪುಟ್ಟ ಹಾಡು ಕಟ್ಟಿಬಿಟ್ಟ. ಆ ಹಾಡು ಶುರುವಾಗೋದು ಯಾವ ಸ್ವರಗಳಿಂದ ಗೊತ್ತೇ? ಬಾಖ್‌ನ ಹೆಸರಿನಿಂದ!

ಹೆಸರಿನಿಂದ ಸ್ವರ ಹೇಗೆ ಸ್ವಾಮಿ ಅಂತೀರಾ? ಅಲ್ಲೇ ಇರೋದು ಮಜಾ. ನಾವು ಸರಿಗಮ ಅಂತೀವಿ. ಅವರು ಸ್ವರಗಳಿಗೆ ಎ, ಬಿ, ಸಿ ಅಂತ ಅಕ್ಷರ ಇಟ್ಟಿದ್ದಾರೆ. ಜರ್ಮನಿಯಲ್ಲಿ ಇನ್ನೊಂದು ಹೆಚ್ಚಿನ ಅಕ್ಷರ ಇದೆ, ಎಚ್. ಹಾಗಾಗಿ ಬಿ-ಎ-ಸಿ-ಎಚ್ ಅಂತ ಬಾಖ್‌ನ ಹೆಸರನ್ನ ಅಕ್ಷರ ಅಕ್ಷರವಾಗಿ ನುಡಿಸಬಹುದು. ಬೇಕಾದ್ರೆ ಹಾರ್ಮೋನಿಯಂ ಹತ್ತಿರ ಕೂತ್ಕೊಳ್ಳಿ. ‘ಸಿ’ಯನ್ನ ಸ ಅಂತ ಇಟ್ಕೊಂಡ್ರೆ ಕರೀ ಮನೆಯ ನಿ, ಆಮೇಲೆ ಧ, ಆಮೇಲೆ ಸ, ಕೊನೆಗೆ ಬಿಳೀ ಮನೆಯ ನಿ. ನಾಲ್ಕೇ ಸ್ವರ. ಅದೇ ಬಾಖ್‌ನ ರುಜು.

ಬಾಖ್ ತನ್ನ ಕೊನೇ ವರ್ಷಗಳಲ್ಲಿ ‘ದಿ ಆರ್ಟ್ ಆಫ್ ಫ್ಯೂಗ್’ ಅನ್ನೋ ದೊಡ್ಡ ಕೃತಿ ಹಿಡಿದಿದ್ದ. ಅದರ ಕೊನೇ ಭಾಗದಲ್ಲಿ ಈ ನಾಲ್ಕು ಸ್ವರ ತಂದು ನಿಲ್ಲಿಸ್ತಾನೆ. ಅಲ್ಲಿಂದ ಸ್ವಲ್ಪ ಮುಂದಕ್ಕೆ ಹೋದ್ರೆ ಬರವಣಿಗೆ ಹಾಗೇ ನಿಂತಿದೆ. ಮುಗಿದೇ ಇಲ್ಲ. 1750ರಲ್ಲಿ ಅವನು ತೀರಿಕೊಂಡ. ರುಜು ಹಾಕಿದ್ದಾನೆ, ಕಾಗದ ಮುಗಿಸಿಲ್ಲ.

ಮೋಜಾರ್ಟ್‌ನದು ಬೇರೆ ಥರ. ಅವನು ಕಾಗದ ಬರೆದ್ರೆ ಕೆಲವು ಸಲ ಹೆಸರನ್ನ ಹಿಂದುಮುಂದು ಮಾಡಿ ‘ಟ್ರಾಜೋಮ್’ ಅಂತ ರುಜು ಹಾಕ್ತಿದ್ದ. ನಮ್ಮ ‘ವಿಕಟಕವಿ’ ಹಿಂದಿನಿಂದ ಓದಿದ್ರೂ ವಿಕಟಕವಿಯೇ. ಇವನದು ಹಾಗಲ್ಲ, ಹಿಂದಿನಿಂದ ಓದಿದ್ರೆ ಬೇರೆ ಆಸಾಮಿ. 1984ರಲ್ಲಿ ಬಂದ ಎಂಟು ಆಸ್ಕರ್ ಹೊಡೆದ ‘ಅಮಾಡಿಯಸ್’ ಚಿತ್ರ ನೋಡಿದೋರಿಗೆ ಅವನ ಹುಡುಗಾಟ ಗೊತ್ತು. ಆ ಅಮಾಡಿಯಸ್ ಅನ್ನೋ ಹೆಸರೂ ಒಂದು ಆಟವೇ. ನಾಮಕರಣದಲ್ಲಿ ಇಟ್ಟದ್ದು ಗ್ರೀಕ್ ಹೆಸರು, ಥಿಯೋಫಿಲಸ್. ಅದನ್ನೇ ಲ್ಯಾಟಿನ್‌ಗೆ ತಿರುಗಿಸಿದ್ರೆ ಅಮಾಡಿಯಸ್. ಕನ್ನಡಕ್ಕೆ ತಂದ್ರೆ ದೇವಪ್ರಿಯ. ಹಿಂದಿಯ ‘ಛಾಯಾ’ (1961) ಚಿತ್ರದಲ್ಲಿ ತಲತ್ ಮತ್ತು ಲತಾ ಹಾಡಿದ ಒಂದು ಯುಗಳಗೀತೆ ಇದೆಯಲ್ಲ, ಸಲಿಲ್ ಚೌಧುರಿ ಅದಕ್ಕೆ ರಾಗ ಎತ್ತಿದ್ದು ಈ ದೇವಪ್ರಿಯನ 40ನೇ ಸಿಂಫನಿಯಿಂದ. ನಮ್ಮ ಜನ ಹೆಸರು ಗೊತ್ತಿಲ್ಲದೇನೇ ಮೋಜಾರ್ಟ್‌ನ ಗುನುಗಿದ್ದಾರೆ.

★

ಇದೆಲ್ಲ ತಮಾಷೆ ಆಯ್ತು. ಹೆಸರಿನ ಆಟದಲ್ಲಿ ಜೀವ ಪಣಕ್ಕಿಟ್ಟೋರೂ ಇದ್ದಾರೆ.

ಇಟಲಿಯ ವೆರ್ದಿ. ಅವನ ಪೂರ್ತಿ ಹೆಸರು ಜುಸೆಪ್ಪೆ ವೆರ್ದಿ. ಇಂಗ್ಲಿಷಿಗೆ ತಿರುಗಿಸಿದ್ರೆ ‘ಜೋ ಗ್ರೀನ್’, ಕೌಬಾಯ್ ಚಿತ್ರದ ಸೈಡ್ ಆಕ್ಟರ್ ಹೆಸರಿನ ಹಾಗೆ! ಆದ್ರೆ ಆ ಹೆಸರು ಏನು ಕೆಲಸ ಮಾಡ್ತು ನೋಡಿ. ಆಗ ಇಟಲಿಯ ಉತ್ತರ ಭಾಗ ಆಸ್ಟ್ರಿಯದವರ ಕೈಯಲ್ಲಿತ್ತು. ದೇಶ ಒಂದಾಗಬೇಕು, ವಿತ್ತೋರಿಯೊ ಇಮಾನುವೆಲೆ ಇಟಲಿಯ ರಾಜ ಆಗಬೇಕು ಅಂತ ಜನಕ್ಕೆ ಆಸೆ. ಹಾಗಂತ ಕೂಗಿದ್ರೆ ಜೈಲು. ‘ವಿತ್ತೋರಿಯೊ ಇಮಾನುವೆಲೆ ರೇ ದಿತಾಲಿಯಾ’, ಅಂದ್ರೆ ಇಟಲಿಯ ರಾಜ. ಇದರ ಮೊದಲಕ್ಷರಗಳನ್ನ ಅವರ ಲಿಪಿಯಲ್ಲಿ ಸೇರಿಸಿದ್ರೆ ವೆರ್ದಿ! 1859ರ ಹೊತ್ತಿಗೆ ಜನ ‘ವಿವಾ ವೆರ್ದಿ’ ಅಂತ ಗೋಡೆ ಮೇಲೆ ಬರೆದ್ರು, ಕೂಗಿದ್ರು. ಪೊಲೀಸಿನವರು ಏನು ಮಾಡ್ತಾರೆ? ಸಂಗೀತಗಾರನಿಗೆ ಜೈ ಅಂದ್ರೆ ತಪ್ಪೇ?

ಇನ್ನೊಬ್ಬ ರಷ್ಯಾದ ಷಾಸ್ತಕೋವಿಚ್. ಇವನು ನಮ್ಮೋನು ಕಣ್ರೀ, ಸಿನಿಮಾಕ್ಕೂ ಸಂಗೀತ ಕೊಟ್ಟೋನು. 1936ರಲ್ಲಿ ಅವನ ಒಂದು ಸಂಗೀತ ನಾಟಕವನ್ನ ‘ಪ್ರಾವ್ದಾ’ ಪತ್ರಿಕೆ ಹಿಗ್ಗಾಮುಗ್ಗಾ ಝಾಡಿಸಿತು. ಸ್ಟಾಲಿನ್ ಕಾಲ. ಆ ಪತ್ರಿಕೆ ಬೈದ್ರೆ ರಾತ್ರಿ ಬಾಗಿಲು ತಟ್ಟೋ ಸದ್ದಿಗೆ ಕಾಯಬೇಕಾದ ಕಾಲ. ಹೇಗೋ ಬದುಕಿಕೊಂಡ. 1960ರಲ್ಲಿ ಒಂದು ಚಿತ್ರಕ್ಕೆ ಸಂಗೀತ ಬರೀಬೇಕು ಅಂತ ಜರ್ಮನಿಯ ಡ್ರೆಸ್ಡೆನ್ ಹತ್ತಿರ ಹೋದ. ಬರೆದದ್ದು ಬೇರೇನೇ. ಮೂರೇ ದಿನದಲ್ಲಿ ನಾಲ್ಕು ತಂತಿವಾದ್ಯಗಳಿಗೆ ಒಂದು ಕೃತಿ, ಅವನ ಎಂಟನೇ ಕ್ವಾರ್ಟೆಟ್. ಮೇಲೆ ‘ಯುದ್ಧ ಮತ್ತು ಫ್ಯಾಸಿಸಂಗೆ ಬಲಿಯಾದವರಿಗೆ’ ಅಂತ ಅರ್ಪಣೆ. ಒಳಗೆ ಏನಿದೆ? ಮೊದಲ ಉಸಿರಿನಿಂದಲೇ ಅವನ ಹೆಸರು! ಡಿ, ಎಸ್, ಸಿ, ಎಚ್. ನಮ್ಮ ಲೆಕ್ಕದಲ್ಲಿ ರಿ, ಕರೀ ಮನೆಯ ಗ, ಸ, ನಿ. ಮತ್ತೆ ಮತ್ತೆ ಅದೇ ಬರುತ್ತೆ. ಗೆಳೆಯನಿಗೆ ಬರೆದ ಕಾಗದದಲ್ಲಿ ಅವನು ಒಪ್ಪಿಕೊಂಡಿದ್ದಾನೆ: ನಾನು ಸತ್ತ ಮೇಲೆ ನನ್ನ ನೆನಪಿಗೆ ಯಾರೂ ಏನೂ ಬರೆಯೋದಿಲ್ಲ, ಅದಕ್ಕೆ ನಾನೇ ಬರ್ಕೊಂಡೆ ಅನ್ನೋ ಅರ್ಥದ ಮಾತು.

ಈ ಕಥೆ ಹೇಳಿದ ದಿನ ಮೇಷ್ಟ್ರು ಕಾಫಿ ಮುಗಿಸಲೇ ಇಲ್ಲ.

★

“ನಮ್ಮೋರಲ್ಲಿ ಈ ಆಟ ಇಲ್ವಾ ಮೇಷ್ಟ್ರೇ?” ಅಂದೆ.

“ಇಲ್ಲದೇ ಏನು! ಅಂಕಿತ ಅಂದ್ರೆ ಮತ್ತೇನು?” ಅಂದ್ರು.

ಹೌದಲ್ಲ! ‘ನವಕೋಟಿ ನಾರಾಯಣ’ (1964) ಚಿತ್ರದಲ್ಲಿ ಅಣ್ಣಾವ್ರು ಪುರಂದರದಾಸರಾಗಿದ್ದನ್ನ ನೋಡಿದೋರಿಗೆ ಗೊತ್ತು. ಹಾಡಿನ ಕೊನೆಗೆ ಪುರಂದರ ವಿಠಲ ಬಂದೇ ಬರುತ್ತಾನೆ. ಕನಕದಾಸರದು ಕಾಗಿನೆಲೆಯಾದಿಕೇಶವ. ಊರೂ ಆಯ್ತು, ದೇವರೂ ಆಯ್ತು, ವಿಳಾಸವೂ ಆಯ್ತು. ಮೈಸೂರು ವಾಸುದೇವಾಚಾರ್ಯರ ಅಂಕಿತ ‘ವಾಸುದೇವ’. ದೇವರನ್ನ ಕರೆದ್ರಾ, ತಮ್ಮ ಹೆಸರು ಹೇಳಿದ್ರಾ? ಎರಡೂ. ಮುತ್ತುಸ್ವಾಮಿ ದೀಕ್ಷಿತರದು ‘ಗುರುಗುಹ’. ಅವರು ಅಷ್ಟಕ್ಕೇ ನಿಲ್ಲಲಿಲ್ಲ, ಎಷ್ಟೋ ಕೃತಿಗಳಲ್ಲಿ ರಾಗದ ಹೆಸರನ್ನೂ ಸಾಹಿತ್ಯದೊಳಗೆ ಬಚ್ಚಿಟ್ಟಿದ್ದಾರೆ. ಹುಡುಕೋರಿಗೆ ಸಿಗುತ್ತೆ.

ಎಲ್ಲರಿಗಿಂತ ಜಾಣತನ ತಿರುವಾಂಕೂರಿನ ಮಹಾರಾಜ ಸ್ವಾತಿ ತಿರುನಾಳ್ ಅವರದು. ಅವರ ದೇವರು ಅನಂತಪದ್ಮನಾಭ, ಅಂಕಿತ ‘ಪದ್ಮನಾಭ’. ಆದ್ರೆ ಎಲ್ಲ ತಾಳಕ್ಕೂ ಪದ್ಮನಾಭ ಕೂರಬೇಕಲ್ಲ? ಪದ್ಮ ಅಂದ್ರೆ ತಾವರೆ. ತಾವರೆಗೆ ಸಂಸ್ಕೃತದಲ್ಲಿ ಹೆಸರಿಗೇನು ಬರವೇ? ಒಂದು ಕಡೆ ಪಂಕಜನಾಭ, ಒಂದು ಕಡೆ ಸರಸಿಜನಾಭ, ಇನ್ನೊಂದು ಕಡೆ ಜಲಜನಾಭ. ಹೂವಿನ ಹೆಸರು ಬದಲಾಯ್ತು, ರುಜು ಬದಲಾಗಲಿಲ್ಲ.

ಒಂದು ಗುಂಡಿಯೂ ಇದೆ, ಬೀಳಬೇಡಿ. ದೀಕ್ಷಿತರು ‘ತ್ಯಾಗರಾಜ’ನ ಮೇಲೆ ಕೃತಿಗಳನ್ನ ರಚಿಸಿದ್ದಾರೆ. ನಾನು ಅದನ್ನ ಕೇಳಿ, “ಆಹಾ, ಒಬ್ಬ ಸಂಗೀತಗಾರರು ಇನ್ನೊಬ್ಬರನ್ನ ಎಷ್ಟು ಹೊಗಳಿದ್ದಾರೆ!” ಅಂದೆ. ಮೇಷ್ಟ್ರು ಬಿದ್ದು ಬಿದ್ದು ನಕ್ರು. ತ್ಯಾಗರಾಜ ಅಂದ್ರೆ ತಿರುವಾರೂರಿನ ಶಿವ. ತ್ಯಾಗರಾಜರು ಹುಟ್ಟಿದ್ದು ಅದೇ ಊರಿನಲ್ಲಿ, ಆ ದೇವರ ಹೆಸರೇ ಅವರಿಗೆ. ದೀಕ್ಷಿತರು, ಶ್ಯಾಮಾಶಾಸ್ತ್ರಿಗಳು ಹುಟ್ಟಿದ್ದೂ ಅಲ್ಲೇ!

“ಆಮೇಲೆ ನಮ್ಮ ಚೌಡಯ್ಯನವರು,” ಅಂದ್ರು ಮೇಷ್ಟ್ರು, ಕೈ ಎತ್ತಿ ಮುಗಿದು. ಮೈಕು ಇಲ್ಲದ ಕಾಲದಲ್ಲಿ ಹಿಂದಿನ ಸಾಲಿಗೂ ಕೇಳಲಿ ಅಂತ ಪಿಟೀಲಿಗೆ ತಂತಿ ಹೆಚ್ಚಿಸಿಕೊಂಡೋರು. ಹೆಸರಿನ ಹಿಂದೆಯೇ ಪಿಟೀಲು ಅಂಟಿಕೊಂಡು ‘ಪಿಟೀಲು ಚೌಡಯ್ಯ’ ಆದ್ರು. ನಾವು ಹುಡುಗರು ಯಾರಾದ್ರೂ ತಲೆ ತಿಂದ್ರೆ ‘ಪಿಟೀಲು ಕುಯ್ತಾನೆ’ ಅಂತೀವಿ. ಅದೇ ಪಿಟೀಲು ಚೌಡಯ್ಯನವರ ಹೆಸರಿಗೆ ಕಿರೀಟ. ಬೆಂಗಳೂರಿನಲ್ಲಿ ಅವರ ಹೆಸರಿನ ಸಭಾಂಗಣವನ್ನ ಪಿಟೀಲಿನ ಆಕಾರದಲ್ಲೇ ಕಟ್ಟಿದ್ದಾರೆ. ಹೆಸರು ಮನುಷ್ಯನಿಂದ ವಾದ್ಯಕ್ಕೆ, ವಾದ್ಯದಿಂದ ಕಟ್ಟಡಕ್ಕೆ ಹೋಯ್ತು!

ನಮ್ಮ ಸಿನಿಮಾ ಮಂದಿಯೂ ಕಮ್ಮಿಯಿಲ್ಲ. ಪಿ.ಬಿ. ಶ್ರೀನಿವಾಸ್ ಅವರ ‘ಪಿ.ಬಿ.’ ಏನು ಗೊತ್ತೇ? ಪ್ರತಿವಾದಿ ಭಯಂಕರಂ! ಆ ರೇಷ್ಮೆ ದನಿಗೆ ಭಯಂಕರ ಅಂತ ಮನೆತನದ ಹೆಸರು. ಪೂರ್ತಿ ಮೊದಲಕ್ಷರ ಸೇರಿಸಿ ಪಿ.ಬಿ.ಎಸ್. ಅಂದ್ರೆ ‘ಪ್ಲೇ ಬ್ಯಾಕ್ ಸಿಂಗರ್’, ತಾನಾಗೇ ಕೂತುಬಿಟ್ಟಿದೆ. ‘ಪ್ರೇಮಲೋಕ’ (1987) ಬಂದಾಗ ನಾವೆಲ್ಲ ಕುಣಿದ ಹಂಸಲೇಖ, ಗಂಗರಾಜು ಆಗಿದ್ದೋರು. ‘ಸ್ವಾನ್’ ಪೆನ್ನಿನ ಹೆಸರನ್ನ ಕನ್ನಡ ಮಾಡ್ಕೊಂಡು ಹಂಸಲೇಖ ಆದ್ರು. ಇಳಯರಾಜಾ ಅವರು ರಾಸಯ್ಯ. ಅದಾಗಲೇ ಎ.ಎಂ. ರಾಜಾ ಅಂತ ಒಬ್ಬರು ಇದ್ರಲ್ಲ, ಅದಕ್ಕೆ 1976ರಲ್ಲಿ ಮೊದಲ ಚಿತ್ರಕ್ಕೆ ‘ಇಳೈಯ’ ಸೇರಿಸಿದ್ರು. ನಮ್ಮ ‘ಎಳೆಯ’ ಅನ್ನೋದೇ ಅದು. ಎಂಬತ್ತು ದಾಟಿದ್ರೂ ಅವರು ಎಳೇ ರಾಜನೇ!

★

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ಒಂದು ಸಂಜೆ ಹೋಟ್ಲಿನ ರೇಡಿಯೋದಲ್ಲಿ ಚಿತ್ರಗೀತೆ ಬರ್ತಿತ್ತು. ನಾನು ಹಾಡು ಶುರುವಾದ ಕೂಡಲೇ ಜಂಬದಿಂದ ಶುರು ಮಾಡಿದೆ: ಚಿತ್ರ ಇಂಥದು, ಹಾಡಿದೋರು ಇಂಥೋರು, ಸಂಗೀತ ಇಂಥೋರದು, ಹೀರೋ ಹಾಕಿದ್ದ ಷರ್ಟು ಈ ಬಣ್ಣ. ಮೇಷ್ಟ್ರು ಕೈ ಅಡ್ಡ ಹಿಡಿದ್ರು. ಎರಡನೇ ಚರಣಕ್ಕೆ ಮುಂಚೆ ಪಿಟೀಲುಗಳ ಗುಂಪು ಎದ್ದಿತು. ಅದರಿಂದ ಒಂದೇ ಒಂದು ಪಿಟೀಲು ಬೇರೆಯಾಗಿ ಮೇಲಿನಿಂದ ಕೆಳಕ್ಕೆ ಜಾರಿ ಬಂತು. ಎಣಿಸಿದ್ರೆ ನಾಲ್ಕು ಸೆಕೆಂಡು ಇರಬಹುದು.

“ಅದೋ, ಆ ಜಾರು,” ಅಂದ್ರು. “ಅದು ನಂದು.”

ನೂರು ಸಲ ಕೇಳಿದ್ದ ಹಾಡು. ಆ ಜಾರು ನನ್ನ ಕಿವಿಗೆ ಬಿದ್ದದ್ದು ಆವತ್ತೇ ಮೊದಲು.

“ಟೈಟಲ್ ಕಾರ್ಡಿನಲ್ಲಿ ಹೆಸರು ಹಾಕಿದ್ರಾ ಮೇಷ್ಟ್ರೇ?”

“ನಲವತ್ತು ಜನ ಕೂತಿರ್ತಿದ್ವಿ. ಎಲ್ಲರ ಹೆಸರು ಹಾಕಿದ್ರೆ ಹೀರೋ ಬರೋ ಹೊತ್ತಿಗೆ ಇಂಟರ್‌ವಲ್ ಆಗುತ್ತೆ,” ಅಂತ ನಕ್ರು. ಆಮೇಲೆ ಮೆತ್ತಗೆ, “ಪುಸ್ತಕದಲ್ಲಿ ಬರೆದಿದ್ದು ಬೇರೆ ಸ್ವರ. ನಾನು ಸ್ವಲ್ಪ ಜಾರಿಸಿದೆ. ಮ್ಯೂಸಿಕ್ ಡೈರೆಕ್ಟ್ರು ನೋಡಿದ್ರು, ಬೇಡ ಅನ್ನಲಿಲ್ಲ. ಅಷ್ಟೇ ನನ್ನ ಅಂಕಿತ.”

ಅವತ್ತು ನನಗೆ ಹೊಳೀತು. ದಾಸರಿಗೆ ಅಂಕಿತ ಇತ್ತು. ಬಾಖ್‌ಗೆ ನಾಲ್ಕು ಸ್ವರ ಇತ್ತು. ಜನ ಎಷ್ಟು ಬಾಯಿಗೆ ಬದಲಾದ್ರೂ ಹಾಡಿನೊಳಗೇ ಹೆಸರು ಇರೋದ್ರಿಂದ ಯಾರೂ ಕಿತ್ತು ಹಾಕೋಕಾಗಲ್ಲ. ನಮ್ಮ ಸಿನಿಮಾ ಹಾಡಿಗೆ ಅದಿಲ್ಲ. ನಾವು ಹೀರೋ ಹೆಸರಲ್ಲಿ ಹಾಡು ನೆನಪಿಡ್ತೀವಿ. ಗಾಯಕರ ಹೆಸರು ಹೇಳಿದ್ರೆ ಅವನು ಬುದ್ಧಿವಂತ. ಬರೆದೋರ ಹೆಸರು ಹೇಳಿದ್ರೆ ಪಂಡಿತ. ಪಿಟೀಲಿನೋರ ಹೆಸರು? ಕೇಳಲೇಬೇಡಿ.

1986ರಲ್ಲಿ ಇಳಯರಾಜಾ ಅವರ ‘ಹೌ ಟು ನೇಮ್ ಇಟ್?’ ಬಂತು. ತ್ಯಾಗರಾಜರಿಗೂ ಬಾಖ್‌ಗೂ ಅರ್ಪಣೆ ಮಾಡಿದ್ದು. ಹೆಸರೇ ‘ಹೆಸರು ಹೇಗಿಡೋದು?’ ಅಂತ! ಅದರಲ್ಲಿ ಒಂದು ಭಾಗಕ್ಕೆ ‘ಬಾಖ್ ನನ್ನ ಮನೆಯಲ್ಲಿ ಸಿಕ್ಕ’ ಅನ್ನೋ ಅರ್ಥದ ಹೆಸರು. ಬೆಂಗಳೂರಿನಲ್ಲಿ ಕ್ಯಾಸೆಟ್ಟು ಕೊಂಡು ಸೀದಾ ಮೇಷ್ಟ್ರ ಮನೆಗೆ ಓಡಿದೆ. ಟೇಪ್‌ರೆಕಾರ್ಡರ್ ಬಾಡಿಗೆಗೆ ತಂದೆ. ಕಣ್ಣು ಮುಚ್ಚಿ ಕೇಳಿದ್ರು. ಒಂದು ನಿಮಿಷ ಆಗಿತ್ತೋ ಇಲ್ವೋ, “ಇದು ನರಸಿಂಹನ್ ಕಮಾನು,” ಅಂದ್ರು. ವಿ.ಎಸ್. ನರಸಿಂಹನ್. ಸರಿಯಾಗಿತ್ತು! ಕವರ್ ತೋರಿಸಿರಲಿಲ್ಲ ನಾನು. ಹೆಸರು ಓದಲಿಲ್ಲ ಅವರು, ಕೇಳಿಸಿಕೊಂಡ್ರು.

ಅದಾಗಿ ಎರಡು ವರ್ಷಕ್ಕೆ ಮೇಷ್ಟ್ರು ಹೋದ್ರು. ನನಗೆ ಆಗ ಕೆಲಸ ಸಿಕ್ಕಿತ್ತು. ಹೋಟ್ಲಿಗೆ ಹೋಗಿ ಗಲ್ಲಾದ ಮುಂದೆ ನಿಂತು, “ಭಟ್ರೇ, ಮೇಷ್ಟ್ರ ಖಾತೆ ಎಷ್ಟಿದೆ ಹೇಳಿ, ನಾನು ಕೊಡ್ತೀನಿ” ಅಂದೆ. ಭಟ್ರು ಪುಸ್ತಕ ತೆಗೀಲೂ ಇಲ್ಲ.

“ಆಸ್ಪತ್ರೆಗೆ ಹೋಗೋ ಹಿಂದಿನ ದಿನ ಬಂದು ಪೂರ್ತಿ ಕೊಟ್ಟು ಹೋದ್ರಪ್ಪಾ. ಅವರದೇನೂ ಬಾಕಿ ಇಲ್ಲ.”

ನನ್ನ ಪನ್ನು ಸುಳ್ಳಾಯ್ತು. ಇಷ್ಟು ಖುಷಿಯಿಂದ, ಇಷ್ಟು ಸಂಕಟದಿಂದ ನಾನು ಎಂದೂ ಸೋತಿಲ್ಲ.

ಗೆಳೆಯರೇ, ಹೆಸರಿನ ಆಟ ಆಡಿ, ಬೇಡ ಅನ್ನಲ್ಲ. ಆಡಿದ ಮೇಲೆ ಒಂದ್ಸಲ ನೋಡ್ಕೊಳ್ಳಿ: ಹಳ್ಳ ಸಮುದ್ರ ಆಯ್ತೋ, ಚರಂಡಿ ಆಯ್ತೋ ಅಂತ. ಮತ್ತೆ ಈ ಸಲ ಟಾಕೀಸಿಗೆ ಹೋದಾಗ ಟೈಟಲ್ ಓಡೋ ಹೊತ್ತಿಗೆ ಕಡ್ಲೆಕಾಯಿ ತರೋಕೆ ಹೊರಗೆ ಹೋಗಬೇಡಿ. ಇರೋ ನಾಲ್ಕು ಹೆಸರನ್ನಾದ್ರೂ ಓದಿ. ಇಲ್ಲದ ಹೆಸರುಗಳನ್ನ ಎರಡನೇ ಚರಣಕ್ಕೆ ಮುಂಚೆ ಕಿವಿಗೊಟ್ಟು ಕೇಳಿ. ಮೇಷ್ಟ್ರದು ಬಾಕಿ ಇಲ್ಲ. ನಮ್ಮದು ಇದೆ.

ಅಗೋ, ನಿಮ್ಮ ಬಸ್ಸು ಬಂತು. ಹತ್ತಿ. ಬರೋ ವಾರ ಸಿಗೋಣ.